ಏಳು ಮಳೆಗಾಲ ಕಂಡ ನಮ್ಮ ತನ್ಸು: ರೇಷ್ಮೆ ಸೀರೆಗೊಂದು ಹಳೇ ಜಪಾನಿ ಪೆಟ್ಟಿಗೆ

ಮೊದಲೇ ಹೇಳಿಬಿಡುತ್ತೇನೆ, ಮನೆ ಚಂದ ಕಾಣಲಿ ಅಂತ ನಾನು ಇದನ್ನು ಕೊಂಡಿದ್ದಲ್ಲ. ಸೀರೆಗೆ ಬೂಷ್ಟು ಹಿಡಿಯಿತು ಅಂತ ಕೊಂಡಿದ್ದು.

ನಾವಿರುವುದು ಟೋಕಿಯೋ ಪಕ್ಕದ ಸೈತಾಮಾದಲ್ಲಿ. ಇಲ್ಲಿ ಜೂನ್‌ನಿಂದ ಜುಲೈ ಮಧ್ಯದವರೆಗೆ 'ತ್ಸುಯು' ಎಂಬ ಮಳೆ. ಮಲೆನಾಡಿನ ಮಳೆಯಂತೆ ಸುರಿಯುವುದಿಲ್ಲ, ಸುಮ್ನೆ ಜಿನುಗುತ್ತಾ ಗೋಡೆಯನ್ನೂ ಬೆವರಿಸುತ್ತದೆ. ಮೊದಲ ವರ್ಷವೇ ಗೋಡೆ ಕಪಾಟಿನಲ್ಲಿಟ್ಟಿದ್ದ ಎರಡು ಮೈಸೂರು ಸಿಲ್ಕ್ ಹಾಳಾದವು. ಪಕ್ಕದ ಮನೆಯ ಅಜ್ಜಿ ನೋಡಿ, "ಕಿಮೋನೊ ಇಡುವ, 'ಕಿರಿ' ಅನ್ನುವ ಮರದ ಪೆಟ್ಟಿಗೆ ತಗೊಳ್ಳಿ" ಎಂದರು. 2018ರ ಅಕ್ಟೋಬರಿನಲ್ಲಿ ಒಂದು ಹಳೇ ಸಾಮಾನಿನ ಅಂಗಡಿಯಿಂದ 48,000 ಯೆನ್‌ಗೆ ತಂದೆವು. ಹೊಸದಾದರೆ ಲಕ್ಷಗಟ್ಟಲೆ ಯೆನ್. ಹಳೆಯದು ಅಗ್ಗ, ಯಾಕೆಂದರೆ ಈಗ ದಿನಾ ಕಿಮೋನೊ ಉಡುವವರು ಕಡಿಮೆ, ಮನೆಗಳಲ್ಲಿ ಗೋಡೆ ಕಪಾಟು ಬಂದಿದೆ.

ಪೆಟ್ಟಿಗೆಗೆ ಇಲ್ಲಿ ತನ್ಸು ಅನ್ನುತ್ತಾರೆ. ಬಟ್ಟೆಯದು 'ಇಶೋ-ದನ್ಸು'. ನಮ್ಮದು 95 ಸೆಂ.ಮೀ ಅಗಲ. ಒಂದರ ಮೇಲೊಂದು ಕೂರುವ ಎರಡು ಭಾಗ, ನಾಲ್ಕು ಅಗಲದ ಡ್ರಾಯರ್, ಕೆಳಗೆ ಬಲಮೂಲೆಯಲ್ಲಿ ಬೀಗವಿರುವ ಪುಟ್ಟ ಬಾಗಿಲು. ಮೇಜಿ ಕಾಲದ (1868-1912) ಕೊನೆಯದು ಎಂದು ಅಂಗಡಿಯವರು ಹೇಳಿದರು. ಎರಡು ಬದಿಯ ಕಬ್ಬಿಣದ ಹಿಡಿಗಳನ್ನು ಮೇಲೆತ್ತಿ, ಕೋಲು ತೂರಿಸಿ, ಹೆಗಲ ಮೇಲೆ ಹೊರುತ್ತಿದ್ದರಂತೆ. ಜಪಾನಿಯರು ಇವತ್ತಿಗೂ ತನ್ಸುವನ್ನು 'ಒಂದು ಸಾವೊ, ಎರಡು ಸಾವೊ' ಅಂತಲೇ ಎಣಿಸುತ್ತಾರೆ. ಸಾವೊ ಅಂದರೆ ಕೋಲು. ಹಿಂದೆ ಚಕ್ರದ ಪೆಟ್ಟಿಗೆಗಳೂ ಇದ್ದವು. 1657ರಲ್ಲಿ ಎದೋ ನಗರಕ್ಕೆ (ಈಗಿನ ಟೋಕಿಯೋ) ಬೆಂಕಿ ಬಿದ್ದಾಗ ಜನ ಅವನ್ನು ತಳ್ಳಿಕೊಂಡು ಓಡಿ ಬೀದಿಗಳೇ ಕಟ್ಟಿಕೊಂಡವು. ಆಮೇಲೆ ಚಕ್ರಕ್ಕೆ ನಿಷೇಧ ಬಂತು.

ಈ ಕಿರಿ ಮರ ಹೆಸರಿಗೆ ಕಿರಿ, ಎಲೆ ಮಾತ್ರ ತೇಗದೆಲೆಯಷ್ಟು ದೊಡ್ಡದು. 500 ಯೆನ್ ನಾಣ್ಯದ ಮೇಲಿರುವುದು ಇದೇ ಗಿಡ. ಹೆಣ್ಣುಮಗು ಹುಟ್ಟಿದರೆ ಹಿತ್ತಲಲ್ಲಿ ಒಂದು ಕಿರಿ ನೆಟ್ಟು, ಮದುವೆ ಹೊತ್ತಿಗೆ ಕಡಿದು ಪೆಟ್ಟಿಗೆ ಮಾಡಿಸುವ ರೂಢಿ ಇತ್ತು. ಅಷ್ಟು ಬೇಗ ಬೆಳೆಯುವ ಮರ, ಅದಕ್ಕೇ ಹಗುರ. ಮೇಲಿನ ಭಾಗವನ್ನು ನಾನೂ ನನ್ನ ಯಜಮಾನರೂ ಇಬ್ಬರೇ ಎತ್ತುತ್ತೇವೆ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಹಲಗೆ ಉಬ್ಬಿ ಸಂದುಗಳೆಲ್ಲ ಮುಚ್ಚಿಕೊಳ್ಳುತ್ತವೆ. ಚಳಿಗಾಲದ ಒಣ ಗಾಳಿಗೆ ಕುಗ್ಗಿ ಸಡಿಲವಾಗುತ್ತದೆ. ಒಂದು ಡ್ರಾಯರ್ ತಳ್ಳಿದರೆ ಒಳಗಿನ ಗಾಳಿಗೆ ಇನ್ನೊಂದು ತಾನಾಗಿ ಮುಂದೆ ಬರುತ್ತದೆ. ಮಗಳಿಗೆ ಇದೇ ಆಟ.

ಏಳು ಮಳೆಗಾಲ ಕಳೆಯಿತು, ಒಂದು ಸೀರೆಗೂ ಬೂಷ್ಟಿಲ್ಲ. ಕಿಮೋನೊ ಸುತ್ತುವ 'ತತೋಶಿ' ಎಂಬ ಕಾಗದ ಸಿಗುತ್ತದೆ, ಮಡಿಸಿದ ಸೀರೆ ಅದರಲ್ಲಿ ಸರಿಯಾಗಿ ಕೂರುತ್ತದೆ. ಒಂದು ಡ್ರಾಯರ್‌ಗೆ ಹತ್ತು ಸೀರೆ ಆರಾಮ. ಮಳೆ ಮುಗಿದ ಮೇಲೆ ಒಮ್ಮೆ ಎಲ್ಲ ತೆಗೆದು ನೆರಳಲ್ಲಿ ಗಾಳಿಗೆ ಹರಡುತ್ತೇನೆ. ಇಲ್ಲಿನವರೂ ಹಾಗೇ ಮಾಡುತ್ತಾರೆ, ನಮ್ಮಮ್ಮನೂ ಹಾಗೇ ಮಾಡುತ್ತಿದ್ದರು ಅಲ್ವಾ.

ಅಮ್ಮನಿಂದಲೇ ಒಂದು ಎಡವಟ್ಟೂ ಆಯಿತು. ಪೆಟ್ಟಿಗೆಯಲ್ಲಿ ಜಪಾನಿ ಕರ್ಪೂರದ ಪೊಟ್ಟಣ ಇತ್ತು. ಬೆಂಗಳೂರಿನಿಂದ ಬಂದ ಅಮ್ಮ ಪ್ರೀತಿಯಿಂದ ಒಂದು ಹಿಡಿ ನುಸಿಗುಳಿಗೆ ಹಾಕಿದರು. ಎರಡೂ ಸೇರಿದರೆ ಕರಗಿ ನೀರಾಗುತ್ತವೆ ಅಂತ ನಮಗೆ ಗೊತ್ತಿರಲಿಲ್ಲ. ಇಳಕಲ್ ಸೀರೆಯ ಸೆರಗಿನಲ್ಲಿ ಅಂಗೈಯಗಲ ಎಣ್ಣೆಯಂಥ ಕಲೆ. ಇಟ್ಟರೆ ಒಂದೇ ಬಗೆಯದು ಇಡಿ, ಅದೂ ಜರಿಗೆ ತಾಗದಂತೆ.

ದೂರುಗಳೂ ಇವೆ. ಈ ಮರ ಬಲು ಮೆತ್ತಗೆ, ಉಗುರು ಒತ್ತಿದರೂ ಗುರುತು ಬೀಳುತ್ತದೆ. ಮಗಳು ಜ್ಯೂಸ್ ಲೋಟ ಇಟ್ಟ ಉಂಗುರದ ಕಲೆ ಇನ್ನೂ ಹೋಗಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸುವ ಹಾಗೇ ಇಲ್ಲ. ಆದರೆ ಮೇಲ್ಮೈಯನ್ನು ತೆಳ್ಳಗೆ ಹೆರೆದು, ಜೇಡಿಮಣ್ಣಿನ ಪುಡಿ ಬಳಿದು ಮತ್ತೆ ಹೊಸದರಂತೆ ಮಾಡಿಕೊಡುವ ಬಡಗಿಗಳಿದ್ದಾರೆ. ನಮ್ಮ ಜಿಲ್ಲೆಯ ಕಸುಕಾಬೆ ಊರೇ ಕಿರಿ ಪೆಟ್ಟಿಗೆಗೆ ಹೆಸರುವಾಸಿ. ನಾನು ಇನ್ನೂ ಮಾಡಿಸಿಲ್ಲ. ಹೆರೆದರೆ ಆ ನೂರು ವರ್ಷದ ಕಂದು ಬಣ್ಣವೂ ಹೋಗುತ್ತದಲ್ಲ.

ಭೂಕಂಪದ ಊರಿನಲ್ಲಿ ಒಂದರ ಮೇಲೊಂದು ಇಡುವುದಕ್ಕೆ ಧೈರ್ಯ ಬರಲಿಲ್ಲ. ಎರಡು ಭಾಗಗಳನ್ನೂ ಬಿಡಿಸಿ ಅಕ್ಕಪಕ್ಕ ಇಟ್ಟಿದ್ದೇವೆ. ಒಂದರ ಮೇಲೆ ದೇವರ ಫೋಟೋ, ಇನ್ನೊಂದರ ಮೇಲೆ ಟೀವಿ.

ಅಂಗಡಿಯವರು ಹಿಡಿಕೆಗಳೆಲ್ಲ ಅಸಲಿ ಎಂದಿದ್ದರು. ಮೂರು ವರ್ಷದ ಮೇಲೆ ಡ್ರಾಯರ್ ತಿರುಗಿಸಿ ಒಳಗಿನಿಂದ ನೋಡಿದರೆ, ಮುಚ್ಚಿದ ಹಳೇ ತೂತುಗಳು ಬೇರೆ ಜಾಗದಲ್ಲಿ! ಅಂದರೆ ಹಿಡಿಕೆ ಆಮೇಲೆ ಬದಲಾಯಿಸಿದ್ದು. ಕೊಳ್ಳುವಾಗ ಟಾರ್ಚ್ ಒಯ್ಯಿರಿ, ಡ್ರಾಯರ್ ಪೂರ್ತಿ ಹೊರಗೆಳೆಯಿರಿ. ಸೆಂಡೈ ಕಡೆಯ ಕೆಯಾಕಿ ಮರದ, ಅರಗಿನ ಹೊಳಪಿನ, ಕಬ್ಬಿಣದ ಹೂಬಳ್ಳಿಯ ಪೆಟ್ಟಿಗೆಗಳು ಕಣ್ಣು ಸೆಳೆಯುತ್ತವೆ. ಭಾರವೂ ಜಾಸ್ತಿ, ಬೆಲೆಯೂ ಜಾಸ್ತಿ. ಸೀರೆಗಾದರೆ ಸಾದಾ ಕಿರಿಯೇ ಸಾಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಮೇಲಿನಿಂದ ಎರಡನೇ ಡ್ರಾಯರ್ ಪ್ರತಿ ಜೂನ್‌ನಲ್ಲಿ ಬಿಗಿದುಕೊಂಡರೆ ಜುಲೈ ಕೊನೆಯವರೆಗೆ ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ನಾದಿನಿ ಕೊಟ್ಟ ಸೀರೆಗಳನ್ನೆಲ್ಲ ಅದರಲ್ಲಿಟ್ಟಿದ್ದೇನೆ.