ಫರಸಿ ಕಂಪೌಂಡಿನ ಪಕ್ಕದ ಬೊಡ್ಡೆಗೆ ಟ್ರ್ಯಾಕ್ಟರ್ ಕಟ್ಟಬೇಡಿ

ಹಿತ್ತಲಲ್ಲಿ ಫರಸಿ ಕಲ್ಲಿನ (ಉದ್ದನೆಯ ಚಪ್ಪಡಿಗಳನ್ನು ನೆಲದಲ್ಲಿ ಹೂತು ನಿಲ್ಲಿಸಿದ) ಕಂಪೌಂಡಿಗೆ ಹತ್ತಿಕೊಂಡು ಕಡಿದ ಗಿಡದ ಬೊಡ್ಡೆ ಇದೆ, ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆಸಿಬಿಡೋಣ ಅನ್ನೋ ವಿಚಾರದಲ್ಲಿದ್ದರೆ ದಯವಿಟ್ಟು ಇದನ್ನು ಓದಿ. ಮೇ ತಿಂಗಳಲ್ಲಿ ಇದೇ ಕೆಲಸದಲ್ಲಿ ನನ್ನ ತಮ್ಮನ ಕಾಲು ಮುರೀತು. ಕಾಲಿನ ಬದಲು ತಲೆ ಆಗಿದ್ದರೆ ಅನ್ನೋದು ನೆನಪಾದರೆ ಈಗಲೂ ರಾತ್ರಿ ನಿದ್ದೆ ಬರೋದಿಲ್ಲ.

ನಮ್ಮ ಮನೆ ಕಲಬುರಗಿಯಲ್ಲಿ, ಸೇಡಂ ರಸ್ತೆ ಕಡೆ. ಹಿತ್ತಲಲ್ಲಿ ಮುತ್ಯಾ (ಅಜ್ಜ) ಹಚ್ಚಿದ ಬೇವಿನ ಗಿಡ ಇತ್ತು. ಟೊಂಗೆಗಳು ಕರೆಂಟ್ ತಂತಿಗೆ ತಾಗುತ್ತಿದ್ದವು ಅಂತ ಎರಡು ವರ್ಷದ ಹಿಂದೆ ಅರ್ಜಿ ಕೊಟ್ಟು, ಪರವಾನಗಿ ತಗೊಂಡೇ ಕಡಿಸಿದೆವು. (1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಗಿಡ ನಮ್ಮ ಸ್ವಂತ ಜಾಗದಲ್ಲಿದ್ದರೂ ಬೇವು ಕಡಿಯೋಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಇದನ್ನೂ ತಿಳಕೊಂಡಿರಿ.) ಬೊಡ್ಡೆ ಮಾತ್ರ ಎರಡಡಿ ಎತ್ತರಕ್ಕೆ ಹಾಗೇ ಉಳೀತು. ಕಂಪೌಂಡಿನಿಂದ ಅದಕ್ಕೆ ಒಂದೂವರೆ ಅಡಿ ದೂರ ಅಷ್ಟೆ. ಪ್ರತಿ ಮಳೆಗಾಲಕ್ಕೂ ಸುತ್ತ ಚಿಗುರು ಏಳೋದು, ನಾವು ಸವರೋದು. ಈ ಸಲ ನೋಡಿದರೆ ಅದರ ಹಿಂದಿನ ನಾಲ್ಕು ಫರಸಿಗಳು ಸ್ವಲ್ಪ ಒಳಗಡೆ ವಾಲಿದ್ದವು. ಬೊಡ್ಡೆ ತೆಗೆಸಿಬಿಟ್ಟರೆ ಸರಿಹೋಗುತ್ತೆ ಅಂದುಕೊಂಡೆವು.

ಟ್ರ್ಯಾಕ್ಟರಿನ ಹುಡುಗ ಬಂದು ನೋಡಿದ. "ಹತ್ತ ಮಿನಿಟಿನ ಕೆಲ್ಸರಿ ಅಣ್ಣಾ, ಒಂದ್ ಝಟ್ಕಾ ಕೊಟ್ರ ಬರ್ತದ" ಅಂದ. ಸಾವಿರದ ಐನೂರಕ್ಕೆ ಒಪ್ಪಿದೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಹೊಲದಲ್ಲಿ ಹೀಗೇ ಎಳೆದು ರೂಢಿ. ಹೊಲದಲ್ಲಿ ಪಕ್ಕಕ್ಕೆ ಕಲ್ಲು ನಿಂತಿರೋದಿಲ್ಲ. ಅದನ್ನು ಯೋಚಿಸಬೇಕಾದವನು ಮನೆಯವನಾದ ನಾನು.

ಮೊದಲನೇ ಎಳೆತಕ್ಕೇ ನಮಗೆ ಸೂಚನೆ ಸಿಕ್ಕಿತ್ತು. ಸರಪಳಿಯನ್ನು ಅವನು ಹಿಂದಿನ ಟಾಪ್ ಲಿಂಕಿಗೆ, ಅಂದರೆ ಹಿಂಗಾಲಿಯ ಅಚ್ಚಿಗಿಂತ ಮೇಲೆ ಕಟ್ಟಿದ್ದ. ಬೊಡ್ಡೆ ಅಲುಗಲಿಲ್ಲ, ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲದಿಂದ ಒಂದಡಿ ಮೇಲೆದ್ದವು. ಅವನು ಚಟ್ಟನೆ ಕ್ಲಚ್ ಒತ್ತಿದ, ಬದುಕಿದ. ಹೀಗೆ ಮೇಲೆ ಕಟ್ಟಿ ಎಳೆದಾಗ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಚಾಲಕರು ಅಡಿಗೆ ಸಿಕ್ಕು ಸಾಯುತ್ತಾರೆ. ಜಿಗಿಯೋಕೆ ಸಮಯವೇ ಸಿಗೋದಿಲ್ಲ. ಅಲ್ಲಿಗೇ ಸಾಕು ಅನ್ನಬೇಕಿತ್ತು. ಅನ್ನಲಿಲ್ಲ. ಸರಪಳಿಯನ್ನು ಕೆಳಗಿನ ಹುಕ್ಕಿಗೆ ಕಟ್ಟಿಸಿ, ಮತ್ತೆ ಎಳಿ ಅಂದೆ.

ತಮ್ಮ ಹಾರೆ ಹಿಡಕೊಂಡು ಬೊಡ್ಡೆಗೂ ಕಂಪೌಂಡಿಗೂ ನಡುವೆ ನಿಂತಿದ್ದ, ಬೇರು ಎಬ್ಬಿಸೋಕೆ ಅಂತ. ಮೂರನೇ ಎಳೆತಕ್ಕೆ ಬೊಡ್ಡೆ ಅಂಗಳದ ಕಡೆ ಬಾಗಿತು. ಆ ಕ್ಷಣದಲ್ಲಿ ನಾನು ಕಣ್ಣಾರೆ ಕಂಡದ್ದು ಇದು: ಕಂಪೌಂಡಿನ ಅಡಿ ಹೋಗಿದ್ದ ಮುಂಗೈ ದಪ್ಪದ ಬೇರು ಎರೆಮಣ್ಣನ್ನು ಸೀಳಿಕೊಂಡು ಮೇಲೆ ಬಂತು, ಫರಸಿ ಬುಡಸಮೇತ ನಾಲ್ಕು ಬೆರಳು ಮೇಲೆದ್ದಿತು, ಎರಡು ಕಲ್ಲಿನ ನಡುವಿನ ಸಿಮೆಂಟು ಹಪ್ಪಳದ ಹಾಗೆ ಉದುರಿತು. ಚಾಲಕ ಕ್ಲಚ್ ಒತ್ತಿದ. ಬೊಡ್ಡೆ ವಾಪಸ್ ಕೂತಿತು. ಬುಡ ಸಡಿಲಾದ ಕಲ್ಲು ಕೂರಲಿಲ್ಲ, ಬೊಡ್ಡೆ ಸುತ್ತ ಅಗೆದಿದ್ದ ಗುಂಡಿಯ ಕಡೆ ಬಿತ್ತು. ತಮ್ಮ ಹಿಂದೆ ಸರಿಯೋಕೆ ಅಲ್ಲಿ ಜಾಗವೇ ಇರಲಿಲ್ಲ.

ಆರಡಿ ಉದ್ದ, ಎರಡಡಿ ಅಗಲ, ಎರಡಿಂಚು ದಪ್ಪದ ಶಹಾಬಾದ್ ಕಲ್ಲು ಹತ್ತಿರ ಹತ್ತಿರ ಒಂದೂವರೆ ಕ್ವಿಂಟಲ್ ತೂಗುತ್ತೆ. ದಿನಾ ನೋಡೋ ಕಲ್ಲಾದ್ದರಿಂದ ನಮಗದು ಹಗುರ ಅನಿಸುತ್ತೆ. ನಾಲ್ಕು ಜನ ಸೇರಿ ಎತ್ತಿದೆವು. ಮೊಣಕಾಲ ಕೆಳಗೆ ಎರಡೂ ಎಲುಬು ಮುರಿದಿದ್ದವು. ಅವನ ಒಂದು ಚಪ್ಪಲಿ ಸಂಜೆವರೆಗೂ ಆ ಗುಂಡಿಯಲ್ಲೇ ಇತ್ತು, ಯಾರಿಗೂ ತೆಗೆಯೋ ಮನಸ್ಸಾಗಲಿಲ್ಲ. ಕಾಲಿಗೆ ರಾಡ್ ಹಾಕಿದ್ದಾರೆ, ಖರ್ಚು ಲಕ್ಷ ದಾಟಿತು. ಎರಡೂವರೆ ತಿಂಗಳ ಮೇಲೆ ಈಗ ಕೋಲು ಹಿಡಿದು ನಡೀತಿದ್ದಾನೆ. ಇನ್ನೊಂದು ಮಾತು: ಹತ್ತು ನಿಮಿಷ ಮೊದಲು ಪಕ್ಕದ ಮನೆಯ ಎರಡು ಮಕ್ಕಳು ಅದೇ ಕಲ್ಲಿಗೆ ಗದ್ದ ಊರಿ ಟ್ರ್ಯಾಕ್ಟರ್ ನೋಡುತ್ತಿದ್ದವು. ಅವರ ಅಜ್ಜಿ ಊಟಕ್ಕೆ ಕರೆದರು ಅಂತ ಒಳಗೆ ಹೋದವು.

ಆಮೇಲೆ ಕಂಪೌಂಡ್ ನೋಡೋಕೆ ಒಬ್ಬ ಹಿರಿಯ ಗೌಂಡಿಯನ್ನು (ಗಾರೆ ಮೇಸ್ತ್ರಿ) ಕರೆಸಿದೆ. ಅವರು ಒಂದೇ ಮಾತಲ್ಲಿ ಹೇಳಿದರು: "ತಮ್ಮಾ, ನೀವು ಬೊಡ್ಡಿ ಈ ಕಡಿ ಎಳದ್ರಿ, ಬೇರು ಆ ಕಡಿ ಮ್ಯಾಲ ಎದ್ದವು. ಕಲ್ಲು ಅದರ ಮ್ಯಾಲೇ ನಿಂತದಲ್ಲ." ಫರಸಿಗಳು ಮೊದಲೇ ವಾಲಿದ್ದಕ್ಕೂ ಅವರೇ ಕಾರಣ ಹೇಳಿದರು. ನಮ್ಮದು ಎರೆಭೂಮಿ, ಒಣಗಿದರೆ ಕುಗ್ಗುತ್ತೆ, ನೆನೆದರೆ ಉಬ್ಬುತ್ತೆ. ಗಿಡ ಇದ್ದಾಗ ಅದು ನೀರು ಹೀರಿ ಮಣ್ಣನ್ನು ಒಣಗಿಸಿಟ್ಟಿತ್ತು, ಗಿಡ ಹೋದ ಮೇಲೆ ಆ ನೀರೆಲ್ಲ ಮಣ್ಣಲ್ಲೇ ಉಳಿದು ಕಲ್ಲಿನ ಬುಡವನ್ನು ತಳ್ಳಿತ್ತು. ಅಂದರೆ ನಾವು ಸರಪಳಿ ಕಟ್ಟುವಾಗಲೇ ಆ ಕಲ್ಲುಗಳು ಬೀಳೋಕೆ ತಯಾರಾಗಿದ್ದವು.

ಜೂನ್‌ನಲ್ಲಿ ಅದೇ ಬೊಡ್ಡೆಯನ್ನು ಇಬ್ಬರು ಆಳುಗಳು ಎರಡು ದಿನದಲ್ಲಿ, ಯಾವ ಯಂತ್ರವೂ ಇಲ್ಲದೆ ತೆಗೆದರು. ಮೊದಲು ಬೊಡ್ಡೆ ಎದುರಿನ ಫರಸಿಗಳನ್ನು, ಆಚೆ ಈಚೆ ಒಂದೊಂದು ಜಾಸ್ತಿಯೇ ಸೇರಿಸಿ, ಕಿತ್ತು ನೆಲಕ್ಕೆ ಮಲಗಿಸಿದರು. ಆಮೇಲೆ ಕಂಪೌಂಡಿನ ಕಡೆಯಿಂದಲೇ ಎರಡಡಿ ಆಳ ಅಗೆದು, ಬೇರಿನ ಮಣ್ಣು ನೀರು ಹಾಕಿ ತೊಳೆದು (ಮಣ್ಣು ಹರಳು ಇದ್ದರೆ ಕೊಡಲಿ ಬಾಯಿ ಹೋಗುತ್ತೆ, ಚೂರು ಕಣ್ಣಿಗೆ ಹಾರುತ್ತೆ), ಆ ಕಡೆಯ ಬೇರುಗಳನ್ನೆಲ್ಲ ಒಂದೊಂದಾಗಿ ಕಡಿದರು. ನಳದ ಪೈಪು ಅಲ್ಲೇ ಒಂದು ಗೇಣು ಪಕ್ಕದಲ್ಲಿ ಹಾದಿತ್ತು. ಟ್ರ್ಯಾಕ್ಟರ್ ಇನ್ನೊಂದು ಸಲ ಎಳೆದಿದ್ದರೆ ಅದೂ ಹೋಗುತ್ತಿತ್ತು. ಬೋರ್‌ವೆಲ್ ಕೇಬಲ್ ನೆಲದಲ್ಲಿ ಹಾಕಿಸಿದವರು ಅದು ಎಲ್ಲಿದೆ ಅಂತ ಮೊದಲೇ ಗುರುತು ಮಾಡಿಕೊಳ್ಳಿ. ಕಂಪೌಂಡಿನ ಕಡೆ ಬೇರು ಬಿಟ್ಟಿತು ಅಂದರೆ ಬೊಡ್ಡೆ ಹಾರೆಗೇ ಹೊರಳುತ್ತೆ.

ಜೆಸಿಬಿ ತರಿಸಿದರೂ ಕಲ್ಲು ಮಲಗಿಸಿ, ಆ ಕಡೆ ಬೇರು ಕಡಿದ ಮೇಲೆಯೇ ತರಿಸಿ. ಎಳೆಯುವಾಗ ಸರಪಳಿಯ ನೇರಕ್ಕೆ, ಹಿಂದೆ ಮುಂದೆ ಯಾರೂ ನಿಲ್ಲಬಾರದು. ನೈಲಾನ್ ಹಗ್ಗವಂತೂ ಬೇಡವೇ ಬೇಡ, ಎಳೆದಷ್ಟೂ ಹಿಗ್ಗಿ ಹರಿದಾಗ ಚಾಟಿಯಂತೆ ವಾಪಸ್ ಬಡಿಯುತ್ತೆ. ಸುಟ್ಟುಬಿಡಿ ಅಂತ ನಮಗೂ ಇಬ್ಬರು ಹೇಳಿದ್ದರು. ಬೇರಿಗೆ ಹತ್ತಿದ ಬೆಂಕಿ ಮಣ್ಣೊಳಗೆ ದಿನಗಟ್ಟಲೆ ಒಳಗೊಳಗೇ ಉರಿಯುತ್ತೆ. ನಮ್ಮ ಬೇಸಿಗೆಯಲ್ಲಿ, ಸುತ್ತ ಒಣಹುಲ್ಲು ಇರುವಾಗ ಆ ಕೆಲಸ ಮಾಡಬೇಡಿ.

ಗುಂಡಿಯನ್ನು ಎರೆಮಣ್ಣಲ್ಲಿ ಒಂದೇ ಸಲಕ್ಕೆ ಮುಚ್ಚಬೇಡಿ. ನಾವು ಮುರುಮ್ (ಗರಸು ಮಣ್ಣು) ತರಿಸಿ, ಅರ್ಧರ್ಧ ಅಡಿಗೆ ನೀರು ಹೊಡೆದು ದಮ್ಮಸು ಮಾಡಿಸಿದ್ದೀವಿ. ಕಲ್ಲು ಇನ್ನೂ ನಿಲ್ಲಿಸಿಲ್ಲ. ಮಳೆಗಾಲ ಪೂರ್ತಿ ಆಗಲಿ, ಮಣ್ಣು ಕೂತುಕೊಳ್ಳಲಿ, ದಸರಾ ಆದಮೇಲೆ ನಿಲ್ಲಿಸೋಣ ಅಂದಿದ್ದಾರೆ ಗೌಂಡಿ. ಅಲ್ಲಿವರೆಗೆ ತಂತಿ ಜಾಳಿಗೆ ಕಟ್ಟಿದ್ದೀವಿ.