ಒಂದೇ ದಿನ ಇದ್ದರೆ: ಮಲ್ಪೆಯ ದ್ವೀಪವೋ, ಕಾರ್ಕಳ–ಮೂಡುಬಿದಿರೆಯೋ?

ಮಂಗಳೂರಿಗೆ ಬರುವ ನೆಂಟರ ಹತ್ತಿರ ಸುತ್ತಾಟಕ್ಕೆ ಉಳಿಯುವುದು ಹೆಚ್ಚೆಂದರೆ ಒಂದು ದಿನ. ಅದನ್ನು ಸಮುದ್ರಕ್ಕೆ ಕೊಡಬೇಕೋ, ಬಸದಿಗಳಿಗೋ? ಎರಡೂ ಕಡೆ ಜನರನ್ನು ಕರೆದುಕೊಂಡು ಹೋಗಿ ನೋಡಿದ್ದೇನೆ. ನನ್ನ ಓಟು ಬಸದಿಗಳಿಗೆ.

ಮಲ್ಪೆಯ ಸೇಂಟ್ ಮೇರಿಸ್ ದ್ವೀಪ ಚೆಂದ ಇಲ್ಲವೆಂದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ ಲಾವಾ ತಣಿದು, ಕುಗ್ಗಿ, ಬಿರುಕು ಬಿಟ್ಟು ಆದ ಕಲ್ಲುಕಂಬಗಳು ಅಲ್ಲಿ ಒತ್ತೊತ್ತಾಗಿ ನಿಂತಿವೆ. ಕಾಲಡಿ ಮರಳಿಗಿಂತ ಚಿಪ್ಪೇ ಜಾಸ್ತಿ, ಚಪ್ಪಲಿ ಬಿಚ್ಚಬೇಡಿ. ಆದರೆ ಅಲ್ಲಿ ದಿನದ ಲಗಾಮು ನಮ್ಮ ಕೈಯಲ್ಲಿರುವುದಿಲ್ಲ. ಮಳೆಗಾಲದಲ್ಲಿ ಬೋಟೇ ಇಲ್ಲ. ಉಳಿದ ಕಾಲದಲ್ಲೂ ಜನ ತುಂಬುವ ತನಕ ಕಾಯಬೇಕು. ಭಾನುವಾರವಂತೂ ಕಂಬಕ್ಕೊಬ್ಬರು ಸೆಲ್ಫಿಗೆ ನಿಂತಿರುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದಿದ್ದನಂತೆ ಎಂಬ ಕತೆ ಬೋಟಿಗೆ ಕಾಯುವಾಗ ಹೇಳಲಿಕ್ಕೆ ಚೆನ್ನಾಗಿದೆ, ಅಷ್ಟೆ.

ಮೂಡುಬಿದಿರೆ ಮಾರ್ಗದ ಕಾರ್ಕಳ ಬಸ್ಸು ಒಂದು ತಪ್ಪಿದರೆ ಹಿಂದೆಯೇ ಇನ್ನೊಂದು ಬರುತ್ತದೆ. ಮೊದಲು ಸೀದಾ ಕಾರ್ಕಳಕ್ಕೆ ಹೋಗಿ, ಹಿಂದೆ ಬರುವಾಗ ಮೂಡುಬಿದಿರೆಯಲ್ಲಿ ಇಳಿಯಿರಿ. ಗೊಮ್ಮಟ ನಿಂತಿರುವುದು ಬೋಳು ಬಂಡೆಯ ಮೇಲೆ. ಮಧ್ಯಾಹ್ನದ ಬಿಸಿಲಿಗೆ ಬರಿಗಾಲಲ್ಲಿ ಅಲ್ಲಿ ನಿಲ್ಲಲು ಸಾಧ್ಯವಿಲ್ಲ ಮಾರಾಯ್ರೆ! 1432ರ, 42 ಅಡಿ ಎತ್ತರದ ಆ ಮೂರ್ತಿಯನ್ನು ಬೆಳಗ್ಗೆಯೇ ನೋಡಿ, ಎದುರಿನ ಗುಡ್ಡದ ಚತುರ್ಮುಖ ಬಸದಿಗೆ ಬನ್ನಿ. 1586ರದ್ದು. ನಾಲ್ಕು ಬಾಗಿಲಲ್ಲಿ ಯಾವುದರಿಂದ ಇಣುಕಿದರೂ ಅದೇ ಮೂವರು ತೀರ್ಥಂಕರರು: ಅರ, ಮಲ್ಲಿ, ಮುನಿಸುವ್ರತ.

ಊಟ ಮುಗಿಸಿ, ಬಿಸಿಲು ಏರಿದ ಹೊತ್ತಿಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ನೆರಳು. 1430ರ ಈ ಬಸದಿಯ ಕಂಬಗಳನ್ನು ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ನೀವು ಸ್ವಲ್ಪ ಬಗ್ಗಿ ಭೈರಾದೇವಿ ಮಂಟಪದ ಬುಡವನ್ನೂ ನೋಡಿ. ಆನೆ, ಕುದುರೆಗಳ ನಡುವೆ ಒಂದು ಜಿರಾಫೆ, ಒಂದು ಚೀನೀ ಡ್ರ್ಯಾಗನ್! ಕಡಲಾಚೆಯ ಸುದ್ದಿ ಇಲ್ಲಿಯ ಶಿಲ್ಪಿಯ ತನಕ ಬಂದದ್ದು ಬಂದರುಗಳ ದೆಸೆಯಿಂದಲೇ ಇರಬೇಕು. ಮಕ್ಕಳಿದ್ದರೆ ಜಾಗ ತೋರಿಸಬೇಡಿ, ಹುಡುಕಲು ಬಿಡಿ.

ಬಸದಿಯೂ ಬೇಕು, ದೋಣಿಯೂ ಬೇಕು ಎನ್ನುವವರಿಗೆ ವರಂಗ ಇದೆ. ಕಾರ್ಕಳದಿಂದ ಹೆಬ್ರಿ ಕಡೆಗೆ ಹೋಗುವ ದಾರಿಯಲ್ಲಿ ಕೆರೆಯ ನಡುವೆ ಒಂದು ಬಸದಿ, ದೋಣಿಯಲ್ಲೇ ಹೋಗಬೇಕು. ಸ್ವಂತ ಗಾಡಿ ಇದ್ದರೆ ಮಾತ್ರ ಒಂದೇ ದಿನಕ್ಕೆ ಇದನ್ನೂ ಸೇರಿಸಿ.

ಸಮುದ್ರವನ್ನೇ ಕಾಣದ ಬಯಲುಸೀಮೆಯ ನೆಂಟರು ಬಂದರೆ ನನ್ನ ಮಾತು ನಡೆಯುವುದಿಲ್ಲ. ಅಂಥವರನ್ನು ಡಿಸೆಂಬರ್, ಜನವರಿಯಲ್ಲಿ, ವಾರದ ನಡುವೆ, ಮೊದಲ ಬೋಟಿಗೇ ಮಲ್ಪೆಗೆ ಕರೆದುಕೊಂಡು ಹೋಗುತ್ತೇನೆ.