ಬಟನ್ ಬಿಟ್ಟರೂ ವಿಂಚ್ ನಿಲ್ಲಲಿಲ್ಲ

ನನ್ನ ಬಲಗೈ ತೋರುಬೆರಳಿನ ಉಗುರು ಈಗ ಸೊಟ್ಟಗೆ ಬೆಳೆಯುತ್ತಿದೆ. ತುದಿಯ ಮೂಳೆ ಕೂಡಿಕೊಂಡಿದೆ, ಆದರೆ ಚಳಿಗೆ ಜುಮ್ ಅನ್ನುತ್ತದೆ. ಇಷ್ಟಕ್ಕೇ ಮುಗಿಯಿತಲ್ಲ, ಅದೇ ಪುಣ್ಯ. ಗಾಡಿಗೆ ಎಲೆಕ್ಟ್ರಿಕ್ ವಿಂಚ್ (ಸ್ಟೀಲ್ ಹಗ್ಗವನ್ನು ಮೋಟರಿನಿಂದ ಡ್ರಮ್ಮಿಗೆ ಸುತ್ತುತ್ತಾ, ಹೂತ ಗಾಡಿಯನ್ನು ಎಳೆದು ತೆಗೆಯುವ ಯಂತ್ರ) ಹಾಕಬೇಕು ಅಂತ ಇರುವವರು, ಅದರಲ್ಲೂ "ನಾಲ್ಕು ಬೋಲ್ಟು, ಎರಡು ವೈರು, ಇದಕ್ಕೆಲ್ಲ ಮೆಕ್ಯಾನಿಕ್ ಯಾಕೆ" ಅಂದುಕೊಂಡಿರುವ ನನ್ನಂಥವರು, ಐದು ನಿಮಿಷ ಇದನ್ನು ಓದಿ.

ವಿಂಚ್ 9,500 ಪೌಂಡಿನದು. ಅಂದರೆ ಸುಮಾರು 4,300 ಕಿಲೋ ಎಳೆಯುವಂಥದ್ದು. ಲೋಡ್ ಸೇರಿ ಗಾಡಿ ಎಷ್ಟು ತೂಗುತ್ತದೋ ಅದರ ಒಂದೂವರೆ ಪಟ್ಟು ಇರಬೇಕು ಅನ್ನುವ ಲೆಕ್ಕಕ್ಕೆ ಅದು ಸಾಕಾಗಿತ್ತು. ಕೂರಿಸುವ ಪ್ಲೇಟ್ ದಪ್ಪನೆಯದು, ಬೋಲ್ಟುಗಳು 8.8 ಗ್ರೇಡಿನವು. ಈ ಸೈಜಿನ ವಿಂಚುಗಳಿಗೆ ಸಾಮಾನ್ಯವಾಗಿ ಬೋಲ್ಟ್ ತೂತುಗಳ ಅಂತರ 254ಕ್ಕೆ 114.3 ಮಿಲಿಮೀಟರ್. ಪ್ಲೇಟಿಗೆ ಸರಿಯಾಗಿ ಕೂತಿತು. ಅಲ್ಲಿಯವರೆಗೂ ನನ್ನ ಬಗ್ಗೆ ನನಗೇ ಹೆಮ್ಮೆ.

ಎಡವಿದ್ದು ವೈರಿಂಗಿನಲ್ಲಿ. ಜೊತೆಗೆ ಬಂದಿದ್ದ ಕರಿ ಕೇಬಲ್ ಬ್ಯಾಟರಿಯ ನೆಗೆಟಿವ್‌ಗೆ ಒಂದು ಗೇಣು ಸಾಲಲಿಲ್ಲ. ಹೆಡ್‌ಲೈಟು, ಹಾರ್ನು, ಎಲ್ಲದರ ಅರ್ತೂ, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿಯೂ, ಬಾಡಿಗೇ ಅಲ್ವಾ ಅಂದುಕೊಂಡೆ. ಚಾಸಿಯಲ್ಲಿ ಒಂದು ತೂತು ಹುಡುಕಿ, ಪೇಂಟನ್ನು ಸುಮ್ನೆ ಶಾಸ್ತ್ರಕ್ಕೆ ಕೆರೆದು, ಅಲ್ಲೇ ಬಿಗಿದುಬಿಟ್ಟೆ. ಇನ್ನು ಐಸೊಲೇಟರ್ ಸ್ವಿಚ್. ಬ್ಯಾಟರಿಯಿಂದ ವಿಂಚ್‌ಗೆ ಹೋಗುವ ಕೆಂಪು ಕೇಬಲ್ಲಿನ ಮಧ್ಯೆ ಹಾಕುವ, ಕೈಯಲ್ಲಿ ತಿರುಗಿಸಿ ಪೂರ್ತಿ ಕರೆಂಟ್ ಕಡಿಯುವ ದೊಡ್ಡ ಸ್ವಿಚ್ಚು. ಅದು ವಿಂಚ್ ಜೊತೆ ಬಂದಿರಲಿಲ್ಲ. ಆಮೇಲೆ ಹಾಕಿದರಾಯಿತು ಅಂದೆ. ಆ ಆಮೇಲೆ ಬರಲೇ ಇಲ್ಲ.

ಹಾರ್ನಿಗೂ ವಿಂಚಿಗೂ ಇರುವ ವ್ಯತ್ಯಾಸ ನನಗೆ ಆಗ ತಲೆಗೆ ಹೋಗಿರಲಿಲ್ಲ. ಹಾರ್ನ್ ಎಳೆಯುವುದು ಕೆಲವೇ ಆಂಪಿಯರ್. ಇಂಥ 12 ವೋಲ್ಟಿನ ವಿಂಚ್ ಪೂರ್ತಿ ಲೋಡಿನಲ್ಲಿ 400 ಆಂಪಿಯರಿನ ಆಸುಪಾಸು ಎಳೆಯುತ್ತದೆ. ಅರ್ತ್ ಜಾಯಿಂಟಿನಲ್ಲಿ ಬರೀ 0.005 ಓಮ್ ತಡೆ ಇದೆ ಅನ್ನಿ. ಮೀಟರಿಗೂ ಸರಿಯಾಗಿ ಸಿಗದಷ್ಟು ಕಮ್ಮಿ. ಆದರೆ 400 ಆಂಪಿಯರ್ ಹರಿದಾಗ ಅದೊಂದು ಜಾಯಿಂಟೇ 2 ವೋಲ್ಟ್ ನುಂಗುತ್ತದೆ, 800 ವ್ಯಾಟ್ ಬಿಸಿ ಕಾರುತ್ತದೆ. ಒಂದು ಇಸ್ತ್ರಿ ಪೆಟ್ಟಿಗೆಯಷ್ಟು! ಇತ್ತ ಬ್ಯಾಟರಿ ಬೇರೆ ಲೋಡಿಗೆ ಕುಸಿದಿರುತ್ತದೆ. ಇಂಜಿನ್ ಓಡುತ್ತಿದ್ದರೂ ಆಲ್ಟರ್ನೇಟರ್ ಕೊಡುವುದು ಹೆಚ್ಚೆಂದರೆ ನೂರು ಚಿಲ್ಲರೆ ಆಂಪಿಯರ್. ಉಳಿದದ್ದೆಲ್ಲ ಬ್ಯಾಟರಿಯಿಂದಲೇ ಬರಬೇಕು.

ಮಳೆ ನಿಂತ ಮಾರನೇ ದಿನ ಗಾಡಿ ಕೆಸರಲ್ಲಿ ಆಕ್ಸಲ್‌ವರೆಗೂ ಹೂತಿತು. ಜೊತೆಗೆ ತಮ್ಮ ಇದ್ದ. ನಿಜ ಹೇಳಬೇಕೆಂದರೆ ಇಬ್ಬರಿಗೂ ಖುಷಿಯೇ ಆಯಿತು, ವಿಂಚ್ ಹಾಕಿದ್ದಕ್ಕೆ ಒಂದು ಕೆಲಸ ಸಿಕ್ಕಿತಲ್ಲ ಅಂತ. ಮುಂದೆ ಹತ್ತಿರದಲ್ಲೇ ಒಂದು ಗಟ್ಟಿ ಮರ. ಅಗಲ ಪಟ್ಟಿ ಸುತ್ತಿ, ಶ್ಯಾಕಲ್ ಹಾಕಿ, ಹುಕ್ಕು ಸಿಕ್ಕಿಸಿದೆವು. ಮರ ಹತ್ತಿರ ಇದ್ದದ್ದು ಒಳ್ಳೆಯದೇ ಅಂತ ಆಗ ಅನ್ನಿಸಿತ್ತು. ಅದೂ ತಪ್ಪು. ವಿಂಚಿನ ಮೇಲೆ ಬರೆದಿರುವ ತಾಕತ್ತು ಡ್ರಮ್ಮಿನ ಮೊದಲ ಸುತ್ತಿನ ಪದರಕ್ಕೆ ಮಾತ್ರ. ಮೇಲೆ ಪದರ ಜಾಸ್ತಿ ಇದ್ದಷ್ಟೂ ಎಳೆತ ಕಮ್ಮಿ. ಹಗ್ಗ ಸ್ವಲ್ಪವೇ ಬಿಚ್ಚಿದ್ದರಿಂದ ನಮ್ಮದು ಮೇಲಿನ ಪದರದಲ್ಲೇ ಒದ್ದಾಡುತ್ತಿತ್ತು. ಮರಕ್ಕೆ ಒಂದು ಸ್ನ್ಯಾಚ್ ಬ್ಲಾಕ್ (ಹಗ್ಗ ಹಾಯಿಸುವ ರಾಟೆ) ಹಾಕಿ ಹಗ್ಗವನ್ನು ಮಡಚಿ ಗಾಡಿಗೇ ವಾಪಸ್ ತಂದಿದ್ದರೆ ಎಳೆತ ಹೆಚ್ಚುಕಮ್ಮಿ ಎರಡರಷ್ಟಾಗುತ್ತಿತ್ತು, ಹಗ್ಗವೂ ಜಾಸ್ತಿ ಬಿಚ್ಚುತ್ತಿತ್ತು, ಮೋಟರಿನ ಮೇಲಿನ ಭಾರ ಅರ್ಧ ಇಳಿಯುತ್ತಿತ್ತು.

ನಾವು ಮಾಡಿದ್ದು ಬಟನ್ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಕುಟ್ಟಿ ಕುಟ್ಟಿ ಎಳೆದರೆ ಕಿತ್ತುಕೊಂಡು ಬರುತ್ತೆ ಅನ್ನುವ ಜಾಣತನ. ಮೂವತ್ತು ನಲವತ್ತು ಸಲ ಒತ್ತಿರಬೇಕು. ಗಾಡಿ ಕೊನೆಗೂ ಬಂತು. ಕೈಕೈ ತಟ್ಟಿಕೊಂಡೆವು.

ಆಗಿದ್ದು ಆಮೇಲೆ. ಎಲ್ಲಾ ಮುಗಿಯಿತು ಅಂತ ಮೈಮರೆತ ಹೊತ್ತಲ್ಲಿ.

ಉಳಿದ ಹಗ್ಗ ಸುತ್ತಿಡಬೇಕಿತ್ತು. ರಿಮೋಟ್ ತಮ್ಮನ ಕೈಯಲ್ಲಿ. ನಾನು ಬಂಪರ್ ಮುಂದೆ, ಹುಕ್ಕಿನ ಒಳಗೆ ತೋರುಬೆರಳು ತೂರಿಸಿ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡು ಮುಂದೆ ಬರುತ್ತಿದ್ದೆ. ಹುಕ್ಕಿಗೆ ಕಟ್ಟಿಕೊಂಡು ಹಿಡಿಯಲು ಒಂದು ಕೆಂಪು ಪಟ್ಟಿ ಬಂದಿರುತ್ತದೆ, ಗೊತ್ತಲ್ಲ? ಅದನ್ನು ಪ್ಯಾಕಿಂಗ್ ಅಂದುಕೊಂಡು ಬಿಸಾಕಿದ್ದೆ. ಎರಡು ಅಡಿ ಹಗ್ಗ ಉಳಿದಾಗ "ಸಾಕು, ಬಿಡು" ಅಂದೆ.

ಡ್ರಮ್ ತಿರುಗುತ್ತಲೇ ಇತ್ತು.

"ಬಿಡೋ!"

"ಬಿಟ್ಟಿದೀನಿ ಕಣಣ್ಣಾ!"

ಲೋಡ್ ಇಲ್ಲದ ಹಗ್ಗ ಎರಡು ಸೆಕೆಂಡಿಗೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಓಡುತ್ತದೆ. ಪಕ್ಕದಲ್ಲಿ ನಿಂತು ನೋಡಿದರೆ ಆಮೆ ವೇಗ. ನನಗೆ ಉಳಿದಿದ್ದು ನಾಲ್ಕು ಸೆಕೆಂಡು, ಅದರಲ್ಲಿ ಎರಡನ್ನು ತಮ್ಮನಿಗೆ ಬೈಯುವುದರಲ್ಲೇ ಕಳೆದೆ. ಬೆರಳು ಎಳೆದುಕೊಳ್ಳುವಷ್ಟರಲ್ಲಿ ಗ್ಲೌಸ್ ಹುಕ್ಕಿಗೂ, ಹಗ್ಗ ಒಳಗೆ ಹೋಗುವ ಬಾಯಿಯ ರೋಲರಿಗೂ ಮಧ್ಯೆ ಸಿಕ್ಕಿಕೊಂಡಿತು. ಜೋರಾಗಿ ಜಗ್ಗಿದೆ. ಕೈ ಬಂತು, ಗ್ಲೌಸ್ ಅಲ್ಲೇ ಉಳಿಯಿತು, ಉಗುರೂ ಅದರೊಳಗೇ. ಗ್ಲೌಸ್ ಒಂದು ಸೈಜ್ ದೊಡ್ಡದಾಗಿತ್ತು. ಸರಿಯಾದ ಸೈಜಿನದಾಗಿದ್ದರೆ ಕೈ ಬರುತ್ತಿರಲಿಲ್ಲವೇನೋ ಅಂತ ಈಗಲೂ ಯೋಚಿಸುತ್ತೇನೆ.

ಹುಕ್ಕು ರೋಲರಿಗೆ ಬಡಿದರೂ ಮೋಟರ್ ಬಿಡಲಿಲ್ಲ. ಗುರ್ ಅನ್ನುತ್ತಾ ಎಳೆಯುತ್ತಲೇ ಇತ್ತು. ರೋಲರ್ ಬಾಗಿತು. ಹಗ್ಗದ ಸ್ಟೀಲ್ ಎಳೆಗಳು ಟಕ್ ಟಕ್ ಅಂತ ಕಿತ್ತು ನಿಂತವು. ತಮ್ಮ ರಿಮೋಟಿನ ಪ್ಲಗ್ಗನ್ನೇ ಕಿತ್ತುಹಾಕಿದ. ಉಹೂಂ. ಇಂಜಿನ್ ಆಫ್ ಮಾಡಿದ. ಉಹೂಂ. ಕೊನೆಗೆ ಬಾನೆಟ್ ತೆಗೆದು, ಟೂಲ್ ಬ್ಯಾಗಿನಲ್ಲಿ ಹತ್ತರ ಸ್ಪ್ಯಾನರ್ ಹುಡುಕಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿದ. ಬಿಚ್ಚುವಾಗ ನೀಲಿ ಕಿಡಿ ಹಾರಿತು. ಲೋಡಿನಲ್ಲಿರುವ ಬ್ಯಾಟರಿಯ ಹತ್ತಿರ ಕಿಡಿ ಹಾರಿಸುವುದು ಎಂಥ ಅಪಾಯ ಅಂತ ಬೇರೆ ಹೇಳಬೇಕಾ? ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಅದಕ್ಕೆ ಅಷ್ಟು ಕಿಡಿ ಸಾಕು. ಆದರೆ ಅವನಿಗೆ ಬೇರೆ ದಾರಿಯನ್ನೇ ನಾನು ಇಟ್ಟಿರಲಿಲ್ಲ.

ಸೊಲೆನಾಯ್ಡ್, ಅಂದರೆ ಬಟನ್ ಒತ್ತಿದಾಗ ಮೋಟರಿಗೆ ಕರೆಂಟ್ ಬಿಡುವ ದೊಡ್ಡ ಸ್ವಿಚ್ಚನ್ನು ಬಿಚ್ಚಿ ನೋಡಿದಾಗ ಕಾರಣ ಕಂಡಿತು. ಒಳಗಿನ ತಾಮ್ರದ ಕಾಂಟ್ಯಾಕ್ಟುಗಳು ಸಿಡುಬಿನ ಮುಖದ ಹಾಗೆ ಗುಳಿ ಗುಳಿಯಾಗಿ, ಒಂದಕ್ಕೊಂದು ಬೆಸುಗೆ ಹಾಕಿದಂತೆ ಅಂಟಿಕೊಂಡಿದ್ದವು. ರಿಮೋಟಿನ ತೆಳು ವೈರಿನಲ್ಲಿ ಹೋಗುವುದು ಸೊಲೆನಾಯ್ಡಿನ ಕಾಯಿಲ್ ಎಳೆಯುವಷ್ಟು ಕರೆಂಟ್ ಮಾತ್ರ. ಮೋಟರಿನ ಕರೆಂಟೆಲ್ಲ ಈ ಕಾಂಟ್ಯಾಕ್ಟುಗಳ ಮೂಲಕ ಹೋಗುತ್ತದೆ. ಕಾಯಿಲ್‌ಗೆ ಪೂರ್ತಿ ವೋಲ್ಟೇಜ್ ಸಿಗದಿದ್ದರೆ ಕಾಂಟ್ಯಾಕ್ಟ್ ಬಿಗಿಯಾಗಿ ಕೂರುವುದಿಲ್ಲ, ಪಟಪಟ ಅದುರುತ್ತದೆ. ಒಂದೊಂದು ಅದುರಿಗೂ ಒಂದು ಕಿಡಿ, ಒಂದೊಂದು ಕಿಡಿಗೂ ಒಂದಿಷ್ಟು ತಾಮ್ರ ಕರಗುತ್ತದೆ. ನನ್ನ ಸೋಮಾರಿ ಅರ್ತ್ ವೋಲ್ಟೇಜ್ ತಿಂದಿತ್ತು, ಕುಟ್ಟಿ ಎಳೆದದ್ದು ಕಿಡಿ ಹಾರಿಸಿತ್ತು. ಅಂಟಿಕೊಂಡ ಮೇಲೆ ಬಟನ್ ಬಿಟ್ಟರೇನು, ರಿಮೋಟ್ ಎಸೆದರೇನು.

ಹಾಗಂತ ವೈರಿಂಗ್ ಚೆನ್ನಾಗಿದ್ದರೆ ಕಾಂಟ್ಯಾಕ್ಟ್ ಅಂಟುವುದೇ ಇಲ್ಲ ಅಂದುಕೊಳ್ಳಬೇಡಿ. ಹಳೆಯದಾದರೂ ಅಂಟಬಹುದು, ನೀರು ಹೋದರೂ ಅಂಟಬಹುದು. ಅದಕ್ಕೇ ಐಸೊಲೇಟರ್ ಬೇಕು ಅನ್ನುವುದು. ಅದೂ ಬಾನೆಟ್ ಒಳಗಲ್ಲ, ರಿಮೋಟ್ ಹಿಡಿದವನ ಕೈಗೆ ಸಿಗುವ ಜಾಗದಲ್ಲಿ. ಮ್ಯೂಸಿಕ್ ಸಿಸ್ಟಮ್ಮಿಗೆ ಹಾಕುವ ಪುಟ್ಟ ಸ್ವಿಚ್ ಆಗಲ್ಲ. ವಿಂಚ್ ಎಳೆಯುವ ಕರೆಂಟನ್ನು ತಾಳುವ, ಆ ಲೋಡಿನಲ್ಲೇ ಕಡಿಯಬಲ್ಲ ಸ್ವಿಚ್ಚೇ ಬೇಕು. ಕೆಲಸ ಇಲ್ಲದಾಗ ಅದು ಆಫ್ ಆಗಿಯೇ ಇರಲಿ. ಬಂಪರಿಗೆ ಗುದ್ದು ಬಿದ್ದು ಸ್ವಿಚ್ಚಿನಿಂದ ವಿಂಚಿಗೆ ಹೋಗುವ ಕೇಬಲ್ ಉಜ್ಜಿಹೋದರೂ ಬೆಂಕಿಯ ಭಯ ಇರುವುದಿಲ್ಲ.

ಈ ಅನುಭವ ಆದಮೇಲೆ ಬೇರೆಯವರು ವಿಂಚ್ ಮಾಡುವುದನ್ನು ನೋಡಿದರೂ ಹೊಟ್ಟೆ ಕಿವುಚುತ್ತದೆ. ಬಿಗಿದ ಸ್ಟೀಲ್ ಹಗ್ಗವನ್ನು ದಾಟಿಕೊಂಡು ಓಡಾಡುತ್ತಾರೆ. ಹಗ್ಗ ಕಿತ್ತರೆ ಚಾಟಿಯ ಹಾಗೆ ಬೀಸದಿರಲಿ ಅಂತ ಅದರ ಮೇಲೆ ಒಂದು ದಪ್ಪ ಕಂಬಳಿಯನ್ನೂ ಹಾಕುವುದಿಲ್ಲ. ಟ್ರೇಲರ್ ಕಟ್ಟುವ ಬಾಲ್‌ಗೆ ಹುಕ್ಕು ಸಿಕ್ಕಿಸುತ್ತಾರೆ. ಅದು ಮುರಿದರೆ ಗುಂಡಿನ ಹಾಗೆ ಹಾರುತ್ತದೆ. ಹಗ್ಗ ಪೂರ್ತಿ ಬಿಚ್ಚಿ ಡ್ರಮ್ಮಿನ ಮೇಲೆ ಎರಡೇ ಸುತ್ತು ಉಳಿಸಿ ಎಳೆಯುವವರನ್ನೂ ನೋಡಿದ್ದೇನೆ. ಹಗ್ಗದ ತುದಿ ಹಿಡಿದಿರುವ ಆ ಚಿಕ್ಕ ಬೋಲ್ಟ್ ಲೋಡ್ ತಡೆಯಲು ಇರುವುದಲ್ಲ, ಸುತ್ತುಗಳ ಹಿಡಿತವೇ ತಡೆಯುವುದು. ಸ್ಟೀಲ್ ಆದರೆ ಕಮ್ಮಿ ಅಂದರೂ ಐದು ಸುತ್ತು, ಸಿಂಥೆಟಿಕ್ ಹಗ್ಗ ಜಾರುವುದು ಜಾಸ್ತಿಯಾದ್ದರಿಂದ ಎಂಟರಿಂದ ಹತ್ತು ಸುತ್ತು ಉಳಿಯಲೇಬೇಕು.

ಈಗ ಎಲ್ಲಾ ಬಿಚ್ಚಿ ಹೊಸದಾಗಿ ಕಟ್ಟಿದ್ದೇವೆ. ಕರಿ ಕೇಬಲ್ ಉದ್ದದ್ದು, ಅಷ್ಟೇ ದಪ್ಪದ್ದು, ನೇರ ಬ್ಯಾಟರಿ ನೆಗೆಟಿವ್‌ಗೆ. ಹುಕ್ಕಿಗೆ ಕೆಂಪು ಪಟ್ಟಿ. ಕೊನೆಯ ಎರಡು ಅಡಿ ಹಗ್ಗವನ್ನು ರಿಮೋಟ್ ಹಿಡಿದವನೇ ಒಬ್ಬನೇ ಸುತ್ತುತ್ತಾನೆ, ಇನ್ನೊಬ್ಬ ದೂರ. ಐಸೊಲೇಟರ್ ಡ್ರೈವರ್ ಕಡೆಯ ಗ್ರಿಲ್ ಪಕ್ಕದಲ್ಲಿದೆ. ಮೊದಲ ಸಲ ಕರೆಂಟ್ ಕೊಟ್ಟಾಗ ಹಗ್ಗ ಸ್ವಲ್ಪ ಬಿಚ್ಚಿ ನೆಲದ ಮೇಲೆ ಹಾಸಿದೆವು. ನಾನು ಬಟನ್ ಒತ್ತಿ ಹಿಡಿದೆ, ಡ್ರಮ್ ಸುತ್ತತೊಡಗಿತು. ನಾನು ಬಟನ್ ಬಿಡಲಿಲ್ಲ. ತಮ್ಮ ಸ್ವಿಚ್ ತಿರುಗಿಸಿದ, ಡ್ರಮ್ ನಿಂತಿತು. "ಇನ್ನೊಂದ್ಸಲ ಮಾಡೋಣ" ಅಂದ.